ಸಾವಿರಾರು ಪ್ರತಿ ತೆಗೆಸುವಾಗ ಬಣ್ಣವೂ ಬೂದುವೂ ಯಾಕೆ ಕೈಕೊಡುತ್ತವೆ?

ಆಗಸ್ಟ್ ಬಂತೆಂದರೆ ಕರ್ನಾಟಕದ ಸಹಕಾರ ಸಂಘಗಳಲ್ಲಿ ವಾರ್ಷಿಕ ಮಹಾಸಭೆಯ ಗಡಿಬಿಡಿ ಶುರು. ಸೆಪ್ಟೆಂಬರ್ ಹೊತ್ತಿಗೆ ಸಭೆ ಆಗಬೇಕು. ಅದಕ್ಕೂ ಮೊದಲು ಸದಸ್ಯರಿಗೆಲ್ಲ ನೋಟಿಸು ಮತ್ತು ವಾರ್ಷಿಕ ವರದಿ ತಲುಪಬೇಕು. ಐದು ಸಾವಿರ ಸದಸ್ಯರಿದ್ದರೆ ಐದು ಸಾವಿರ ಪ್ರತಿ. ಕಾರ್ಯದರ್ಶಿಯವರು ಕಂಪ್ಯೂಟರಿನಲ್ಲಿ ನೋಡಿ ಒಪ್ಪಿದ ವರದಿಯೇ ಒಂದು, ಕಟ್ಟು ಬಿಚ್ಚಿದಾಗ ಕೈಗೆ ಸಿಕ್ಕ ವರದಿಯೇ ಇನ್ನೊಂದು. ಲೋಗೊದ ನೀಲಿ ನೇರಳೆಗೆ ತಿರುಗಿದೆ. ಅಧ್ಯಕ್ಷರ ಮುಖ ಕಪ್ಪಿಟ್ಟಿದೆ. ಲಾಭ-ನಷ್ಟ ತೋರಿಸುವ ಪಟ್ಟಿಚಿತ್ರದಲ್ಲಿ ಲಾಭ ಯಾವುದು, ನಷ್ಟ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಶಾಲೆಯ ಅಂಕಪಟ್ಟಿ, ವಿಮೆಯ ಪಾಲಿಸಿ, ಬ್ಯಾಂಕಿನ ಸ್ಟೇಟ್‌ಮೆಂಟ್, ತೆರಿಗೆಯ ನೋಟಿಸು, ಎಲ್ಲದರ ಕಥೆಯೂ ಇದೇ. ಬೈಗುಳ ಮೊದಲು ಪ್ರೆಸ್ಸಿನವರಿಗೆ. ಅವರ ಕಡೆಯೂ ತಪ್ಪಿರಬಹುದು. ಆದರೆ ಬಹಳ ಸಲ ತೊಂದರೆ ಹುಟ್ಟುವುದು ಫೈಲಿನಲ್ಲಿ. ಯಾವುದು ಕಲರ್, ಯಾವುದು ಬೂದು, ಯಾವುದು ಅಪ್ಪಟ ಕಪ್ಪು ಅನ್ನುವುದು ಫೈಲಿನಲ್ಲೇ ತೀರ್ಮಾನ ಆಗದಿದ್ದರೆ, ಆ ತೀರ್ಮಾನವನ್ನು ಯಂತ್ರ ತಾನೇ ಮಾಡಿಬಿಡುತ್ತದೆ. ಒಂದು ಹಾಳೆಯಲ್ಲಾದರೆ ಹೋಗಲಿ ಬಿಡಿ ಅನ್ನಬಹುದು. ಐದು ಸಾವಿರದಲ್ಲಿ ಹಾಗೆ ಬಿಡೋಕಾಗಲ್ಲ, ಅಲ್ವಾ?

ಪರದೆ ಬೆಳಕು ಚೆಲ್ಲುತ್ತದೆ, ಶಾಯಿ ಬೆಳಕು ನುಂಗುತ್ತದೆ

ಮೊಬೈಲ್ ಆಗಲಿ ಕಂಪ್ಯೂಟರ್ ಆಗಲಿ, ಪರದೆ ತಾನೇ ಬೆಳಕು ಬೀರುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕು. ಅವನ್ನೇ ಹೆಚ್ಚುಕಡಿಮೆ ಮಾಡಿ ಬೆರೆಸಿದರೆ ಉಳಿದ ಬಣ್ಣಗಳೆಲ್ಲ. ಇದಕ್ಕೆ ಆರ್‌ಜಿಬಿ ಅನ್ನುತ್ತಾರೆ. ಒಂದೊಂದು ಬೆಳಕಿಗೂ 0ಯಿಂದ 255ರವರೆಗೆ 256 ಹಂತ. ಮೂರನ್ನೂ ಗುಣಿಸಿದರೆ 1 ಕೋಟಿ 67 ಲಕ್ಷಕ್ಕೂ ಜಾಸ್ತಿ ಬಣ್ಣ. ಮೂರೂ ಪೂರ್ತಿ ಉರಿದರೆ ಬಿಳಿ, ಮೂರೂ ಆರಿದರೆ ಕಪ್ಪು.

ಹಾಳೆಗೆ ಸ್ವಂತ ಬೆಳಕಿಲ್ಲ. ಟ್ಯೂಬ್‌ಲೈಟಿನದೋ ಸೂರ್ಯನದೋ ಬೆಳಕು ಅದರ ಮೇಲೆ ಬಿದ್ದು ನಮ್ಮ ಕಣ್ಣಿಗೆ ವಾಪಸ್ ಬರಬೇಕು. ನಡುವೆ ಕೂತ ಶಾಯಿ ಒಂದಿಷ್ಟು ಬೆಳಕನ್ನು ನುಂಗುತ್ತದೆ. ಸಯಾನ್ ಅನ್ನುವ ತಿಳಿನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ. ಸೀರೆ ಅಂಗಡಿಯಲ್ಲಿ ರಾಣಿ ಕಲರ್ ಅನ್ನುತ್ತಾರಲ್ಲ, ಅದಕ್ಕೆ ಹತ್ತಿರದ ಮಜೆಂಟಾ ಹಸಿರನ್ನು ನುಂಗುತ್ತದೆ. ಹಳದಿ ಶಾಯಿ ನೀಲಿಯನ್ನು. ಲೆಕ್ಕದ ಪ್ರಕಾರ ಮೂರೂ ಸೇರಿದರೆ ಪೂರ್ತಿ ಕಪ್ಪಾಗಬೇಕು. ಆದರೆ ಯಾವ ಶಾಯಿಯೂ ಅಷ್ಟು ಶುದ್ಧವಲ್ಲ. ಮೂರೂ ಸೇರಿ ಕೊಡುವುದು ಕೆಸರಿನಂಥ ಕಂದು. ಹಾಗಾಗಿ ಕಪ್ಪನ್ನು ಬೇರೆಯಾಗೇ ಇಟ್ಟಿದ್ದಾರೆ. ನಾಲ್ಕೂ ಸೇರಿ ಸಿಎಂವೈಕೆ.

ಪರದೆ ತೋರಿಸುವ ಎಷ್ಟೋ ಬಣ್ಣಗಳು ಈ ನಾಲ್ಕು ಶಾಯಿಗೆ ನಿಲುಕುವುದೇ ಇಲ್ಲ. ಮಿನುಗುವ ಗಿಳಿಹಸಿರು, ಕಣ್ಣು ಕೋರೈಸುವ ಕಿತ್ತಳೆ, ಅಚ್ಚನೀಲಿ ಎಲ್ಲ ಈ ಗುಂಪಿನವು. ನಿಲುಕದ ಬಣ್ಣ ಬಂದಾಗ ಯಂತ್ರ ಹತ್ತಿರದ ಇನ್ನೊಂದು ಬಣ್ಣಕ್ಕೆ ಇಳಿಸುತ್ತದೆ. ಪರದೆಯ ಅಚ್ಚನೀಲಿ ಹಾಳೆಯಲ್ಲಿ ನೇರಳೆಯಾಗುವುದು ಹೀಗೆ. ಲೋಗೊ ಮಾಡಿಸುವಾಗಲೇ ಅದರ ಸಿಎಂವೈಕೆ ಅಳತೆಯನ್ನೂ ಬರೆಸಿಕೊಂಡರೆ ಈ ತಲೆನೋವು ಶುರುವಿನಲ್ಲೇ ತಪ್ಪುತ್ತದೆ.

ಇನ್ನೊಂದು ಮಾತು. ಆಫೀಸಿನ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಹಾಳೆಯ ಬಿಳುಪೇ ಬಿಳಿ. ಹಾಳೆ ಸ್ವಲ್ಪ ಹಳದಿ ಛಾಯೆಯದ್ದಾದರೆ ಫೋಟೊದಲ್ಲಿರುವ ಬಿಳಿ ಅಂಗಿಯೂ ಹಳದಿಯೇ.

ಪ್ರಿಂಟರಿಗೆ ಬೂದು ಬಣ್ಣ ಗೊತ್ತಿಲ್ಲ

ಕಪ್ಪು ಟೋನರ್ ಒಂದೇ ಇರುವ ಲೇಸರ್ ಪ್ರಿಂಟರ್ ಫೋಟೊ ಅಚ್ಚು ಮಾಡುತ್ತದೆ. ತಿಳಿ ಬೂದು, ನಡು ಬೂದು, ಕಡು ಬೂದು ಎಲ್ಲ ಕಾಣುತ್ತವೆ. ಆದರೆ ಅದರೊಳಗೆ ಇರುವುದು ಬರೀ ಕಪ್ಪು ಪುಡಿ. ಹಾಗಾದರೆ ಬೂದು ಎಲ್ಲಿಂದ ಬಂತು?

ಮೊಳಕೆ ಬಂದ ರಾಗಿ ಹೊಲವನ್ನು ರಸ್ತೆಯಿಂದ ನೋಡಿ. ಇಡೀ ಹೊಲ ತಿಳಿಹಸಿರು. ಹತ್ತಿರ ಹೋದರೆ ಪೈರು ಬೇರೆ, ನಡುವಿನ ಮಣ್ಣು ಬೇರೆ. ಪೈರು ಒತ್ತಾಗಿದ್ದಲ್ಲಿ ಹಸಿರು ಗಾಢ, ವಿರಳವಾಗಿದ್ದಲ್ಲಿ ತೆಳು. ಅಚ್ಚಿನ ಬೂದು ಕೂಡ ಇಷ್ಟೇ. ಕಪ್ಪು ಚುಕ್ಕಿ, ನಡುವೆ ಬಿಳಿ ಹಾಳೆ. ಚುಕ್ಕಿ ದೊಡ್ಡದಾದರೆ ಕಡು ಬೂದು, ಸಣ್ಣದಾದರೆ ತಿಳಿ ಬೂದು. ಇದಕ್ಕೆ ಹಾಫ್‌ಟೋನ್ ಅನ್ನುತ್ತಾರೆ. ದಿನಪತ್ರಿಕೆಯ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕಿಗಳು ಸಾಲುಸಾಲಾಗಿ ಕಾಣುತ್ತವೆ.

ಒಂದು ಇಂಚಿನಲ್ಲಿ ಇಂಥ ಚುಕ್ಕಿಗಳ ಎಷ್ಟು ಸಾಲು ಕೂರುತ್ತವೆ ಅನ್ನುವುದೇ ಸ್ಕ್ರೀನ್ ಅಳತೆ. ದಿನಪತ್ರಿಕೆಯಲ್ಲಿ ಸುಮಾರು 85ರಿಂದ 100 ಸಾಲು, ನುಣುಪು ಕಾಗದದ ಮ್ಯಾಗಜೀನಿನಲ್ಲಿ 150 ಅಥವಾ ಇನ್ನೂ ಜಾಸ್ತಿ. ಸಾಲು ಜಾಸ್ತಿಯಾದಷ್ಟೂ ಚುಕ್ಕಿ ಕಣ್ಣಿಗೆ ಕಾಣುವುದಿಲ್ಲ. ಹಾಗಿದ್ದರೆ ಎಲ್ಲ ಕಡೆ 150 ಸಾಲು ಇಟ್ಟರಾಯಿತಲ್ಲ?

ಆಗುವುದಿಲ್ಲ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಪ್ರಿಂಟರ್ ಇಡಬಲ್ಲ ಅತಿ ಸಣ್ಣ ಬಿಂದುಗಳ ಸಂಖ್ಯೆ. 600 ಡಿಪಿಐ ಪ್ರಿಂಟರಿನಲ್ಲಿ 75 ಸಾಲಿನ ಸ್ಕ್ರೀನ್ ಇಟ್ಟರೆ ಒಂದೊಂದು ಚುಕ್ಕಿಯ ಮನೆಗೆ ಉದ್ದಕ್ಕೆ 8, ಅಗಲಕ್ಕೆ 8, ಒಟ್ಟು 64 ಬಿಂದು ಸಿಗುತ್ತವೆ. ಒಂದೂ ತುಂಬದಿದ್ದರೆ ಬಿಳಿ, 64ನ್ನೂ ತುಂಬಿದರೆ ಕಪ್ಪು. ಅಲ್ಲಿಗೆ 65 ಛಾಯೆ. ಅದೇ ಪ್ರಿಂಟರಿನಲ್ಲಿ 150 ಸಾಲು ಇಟ್ಟರೆ ಮನೆಗೆ 4 ಗುಣಿಸು 4, ಬರೀ 16 ಬಿಂದು, 17 ಛಾಯೆ. ಚುಕ್ಕಿ ನಯವಾಯಿತು, ಆದರೆ ಛಾಯೆ ಕಡಿಮೆಯಾಯಿತು. ಮುಖದ ಮೇಲೆ ಬೆಳಕು ಮೆಲ್ಲಗೆ ನೆರಳಾಗುವ ಕಡೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬೀಳುತ್ತದೆ. ಮ್ಯಾಗಜೀನಿನವರಿಗೆ 150 ಸಾಲು ದಕ್ಕುವುದು ಅವರ ಅಚ್ಚಿನ ಪ್ಲೇಟ್ 2400 ಡಿಪಿಐನಲ್ಲಿ ತಯಾರಾಗುವುದರಿಂದ. ಅಲ್ಲಿ 16 ಗುಣಿಸು 16, ಅಂದರೆ 256 ಬಿಂದು.

ಈಗಿನ ಎಷ್ಟೋ ಲೇಸರ್ ಯಂತ್ರಗಳು ಬಿಂದುವಿನ ಗಾತ್ರವನ್ನೇ ಹೆಚ್ಚುಕಡಿಮೆ ಮಾಡಿ ಈ ಮಿತಿಯನ್ನು ದಾಟುತ್ತವೆ. ಚುಕ್ಕಿಯನ್ನು ಸಾಲಾಗಿ ಇಡದೆ ಚದುರಿಸಿ ಹಾಕುವ ದಾರಿಯೂ ಇದೆ. ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ ಲೆಕ್ಕ ಅಂಥದ್ದು. ಒಂದು ಬಿಂದುವಿನಲ್ಲಿ ಆದ ವ್ಯತ್ಯಾಸವನ್ನು ಪಕ್ಕದ ಬಿಂದುಗಳಿಗೆ ಹಂಚುತ್ತಾ ಹೋಗುವುದು ಅದರ ಗುಟ್ಟು. ಇಂಕ್‌ಜೆಟ್ ಯಂತ್ರಗಳಿಗೆ ಈ ಬಗೆ ಚೆನ್ನಾಗಿ ಒಗ್ಗುತ್ತದೆ.

ಬೂದು ಅಕ್ಷರ, ಸವೆದ ಒತ್ತಕ್ಷರ

ಕನ್ನಡದಲ್ಲಿ ಅಚ್ಚು ಮಾಡಿಸುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಇತ್ತೀಚೆಗೆ ಷರತ್ತು, ಅಡಿಟಿಪ್ಪಣಿಗಳನ್ನು ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಹಾಕುವ ಅಭ್ಯಾಸ ಬಂದಿದೆ. ಪರದೆಯಲ್ಲಿ ಅಂದವಾಗಿ ಕಾಣುತ್ತದೆ. ಹಾಳೆಗೆ ಬಂದಾಗ ಏನಾಗುತ್ತದೆ ನೋಡಿ.

ಶೇ. 40ರ ಬೂದು ಅಂದರೆ ಚುಕ್ಕಿ ಚುಕ್ಕಿಯಾಗಿ ಅಚ್ಚಾಗುವ ಬೂದು. ‘ರಾಷ್ಟ್ರೀಯ’ ಎಂಬ ಒಂದೇ ಪದವನ್ನು ಎಂಟು ಪಾಯಿಂಟಿನಲ್ಲಿ ಈ ಬೂದಿನಲ್ಲಿ ತೆಗೆಸಿ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ‘ಷ’ದ ಅಡಿಗೆ ಟ ಒತ್ತು, ಅದರ ಬಳಿ ರ ಒತ್ತು. ಅಕ್ಷರದ ಅಂಚು ಗೆರೆಯಾಗಿ ಉಳಿಯದೆ ಗರಗಸದ ಹಲ್ಲಿನಂತಾಗಿರುತ್ತದೆ. ಒತ್ತಿನ ಸಣ್ಣ ತಿರುವುಗಳಲ್ಲಿ ಚುಕ್ಕಿ ಕೂರಲು ಜಾಗವೇ ಸಾಲದೆ ಗೆರೆ ಅಲ್ಲಲ್ಲಿ ತುಂಡಾಗಿರುತ್ತದೆ. ಕನ್ನಡದ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಗೆರೆ ಇನ್ನೂ ತೆಳು. ವಯಸ್ಸಾದ ಸದಸ್ಯರು ಅದನ್ನು ಓದುವುದು ಹೇಗೆ?

ಸಣ್ಣ ಅಕ್ಷರಕ್ಕೆ ಶೇ. 100 ಕಪ್ಪೇ ಸರಿ. ಮೆತ್ತಗೆ ಕಾಣಬೇಕೆಂದರೆ ತೆಳುವಾದ ಫಾಂಟ್ ಬಳಸಬಹುದು, ಬಣ್ಣ ತಿಳಿ ಮಾಡುವುದು ಬೇಡ. ಬೂದು ಬೇಕೇ ಬೇಕು ಅಂದರೆ ತಲೆಬರಹದಂಥ ದಪ್ಪ ಅಕ್ಷರಕ್ಕೆ ಇಟ್ಟುಕೊಳ್ಳಿ.

ಯುಪಿಐ ಕ್ಯುಆರ್ ಕೋಡ್, ಬಾರ್‌ಕೋಡ್‌ಗಳಿಗೂ ಇದೇ ಮಾತು. ಬೂದಿನಲ್ಲಿ ಅಚ್ಚಾದ ಕ್ಯುಆರ್‌ನ ಚೌಕಗಳ ಅಂಚು ಒಡೆದಿರುತ್ತದೆ, ಫೋನು ಓದಲು ಒದ್ದಾಡುತ್ತದೆ. ಕೆಂಪು ಬಾರ್‌ಕೋಡ್ ಇನ್ನೂ ಕಷ್ಟ. ಅಂಗಡಿಯ ಎಷ್ಟೋ ಸ್ಕ್ಯಾನರ್‌ಗಳ ಬೆಳಕು ಕೆಂಪು. ಕೆಂಪು ಬೆಳಕಿಗೆ ಕೆಂಪು ಗೆರೆಯೂ ಬಿಳಿ ಹಾಳೆಯೂ ಒಂದೇ ಥರ.

ಕಪ್ಪಿನಲ್ಲೂ ಎರಡು ಬಗೆ

ಪರದೆಯಲ್ಲಿ ಕಪ್ಪು ಅಂದರೆ ಒಂದೇ ಕಪ್ಪು. ಅಚ್ಚಿನಲ್ಲಿ ಎರಡು. ಕಪ್ಪು ಶಾಯಿಯೊಂದರಿಂದಲೇ ಬಂದದ್ದು ಒಂದು, ನಾಲ್ಕೂ ಶಾಯಿ ಒಂದರ ಮೇಲೊಂದು ಬಿದ್ದು ಬಂದದ್ದು ಇನ್ನೊಂದು. ಆರ್‌ಜಿಬಿ ಕಪ್ಪನ್ನು ಫೋಟೊಶಾಪ್ ತನ್ನ ಅಮೆರಿಕದ ಹಳೆಯ ಮಾಮೂಲು ಸೆಟ್ಟಿಂಗಿನಲ್ಲಿ ಸಿಎಂವೈಕೆಗೆ ಬದಲಿಸಿದರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಎಂಬ ಬೆರಕೆ ಬರುತ್ತದೆ. ಕೂಡಿದರೆ ಶೇ. 300 ಶಾಯಿ.

ದೊಡ್ಡ ಫೋಟೊದ ನೆರಳಿಗೆ ಈ ಗಾಢ ಕಪ್ಪು ಚೆನ್ನ. ಓದುವ ಅಕ್ಷರಕ್ಕೆ ಇದು ಶತ್ರು. ನಾಲ್ಕು ಬಣ್ಣವೂ ಹಾಳೆಯ ಮೇಲೆ ಒಂದೇ ಜಾಗಕ್ಕೆ ಬೀಳಬೇಕು. ಪ್ರೆಸ್ಸಿನಲ್ಲಿ ಇದಕ್ಕೆ ರಿಜಿಸ್ಟ್ರೇಷನ್ ಅನ್ನುತ್ತಾರೆ. ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಗುಲಾಬಿಯೋ ನೀಲಿಯೋ ನೆರಳು ಕಾಣುತ್ತದೆ, ಒತ್ತಕ್ಷರ ಮಸುಕಾಗುತ್ತದೆ. ವೇಗವಾಗಿ ಓಡುವ ಯಂತ್ರದಲ್ಲಿ ಅಷ್ಟು ಸರಿಯುವುದು ಮಾಮೂಲು. ಜೊತೆಗೆ ತೆಳು ಹಾಳೆಗೆ ಅಷ್ಟು ಶಾಯಿ ಬಿದ್ದರೆ ಬೇಗ ಒಣಗುವುದಿಲ್ಲ, ಹಿಂಬದಿಗೂ ಇಣುಕುತ್ತದೆ.

ವರ್ಡ್‌ನಿಂದ ನೇರವಾಗಿ ಆಫೀಸಿನ ಪ್ರಿಂಟರಿಗೆ ಕಳಿಸಿದರೆ ಸಾಮಾನ್ಯವಾಗಿ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಕಪ್ಪು ಅಕ್ಷರವನ್ನು ಗುರುತಿಸಿ ಅಪ್ಪಟ ಕಪ್ಪಿನಲ್ಲೇ ಹಾಕುತ್ತದೆ. ತೊಂದರೆ ಬರುವುದು ಇಡೀ ಪುಟವನ್ನು ಚಿತ್ರವಾಗಿ ಬದಲಿಸಿದಾಗ. ಫಾಂಟ್ ಕೈಕೊಡುತ್ತದೆಂಬ ಭಯಕ್ಕೆ ಕನ್ನಡ ಪುಟವನ್ನು ಜೆಪಿಜಿ ಮಾಡಿ ಕೊಡುವವರು ಬಹಳ ಮಂದಿ. ಆಗ ಯಂತ್ರಕ್ಕೆ ಅಲ್ಲಿ ಅಕ್ಷರ ಇದೆಯೆಂದೇ ತಿಳಿಯುವುದಿಲ್ಲ. ಅದರ ಪಾಲಿಗೆ ಅದು ಒಂದು ಫೋಟೊ. ಅಕ್ಷರಕ್ಕೂ ನಾಲ್ಕು ಶಾಯಿ, ಅಕ್ಷರಕ್ಕೂ ಚುಕ್ಕಿ. ಫಾಂಟ್ ಒಳಗೊಂಡ ಪಿಡಿಎಫ್ ಕೊಟ್ಟರೆ ಭಯವೂ ಹೋಗುತ್ತದೆ, ಅಕ್ಷರವೂ ಉಳಿಯುತ್ತದೆ.

ಇದೇ ಪ್ರಶ್ನೆ ಬೂದು ಫೋಟೊಗಳಿಗೂ ಇದೆ. ಕಲರ್ ಯಂತ್ರದಲ್ಲಿ ಕಪ್ಪು-ಬಿಳುಪು ಫೋಟೊವನ್ನು ಕಲರ್ ಮೋಡ್‌ನಲ್ಲೇ ತೆಗೆದರೆ ಸಯಾನ್, ಮಜೆಂಟಾ, ಹಳದಿ ಬೆರೆಸಿ ಬೂದು ಮಾಡಬಹುದು. ಮೂರನ್ನೂ ಸಮ ಪ್ರಮಾಣದಲ್ಲಿ ಬೆರೆಸಿದರೆ ಕಂದು ಛಾಯೆ ಬರುತ್ತದೆ. ಅಚ್ಚುಮನೆಗಳು ಬಳಸುವ ಒಂದು ಹೆಸರುವಾಸಿ ಅಳತೆಯಲ್ಲಿ ಸಯಾನ್ 50 ಇದ್ದರೆ ಮಜೆಂಟಾ 40, ಹಳದಿ 40. ಸಮತೂಕ ತುಸು ತಪ್ಪಿದರೂ ಬೂದು ಗುಲಾಬಿಯತ್ತಲೋ ಹಸಿರಿನತ್ತಲೋ ವಾಲುತ್ತದೆ. ಬೇರೆ ಬಣ್ಣ ಚೂರು ಬದಲಾದರೆ ಕಣ್ಣು ಸಹಿಸಿಕೊಳ್ಳುತ್ತದೆ, ಬೂದಿನಲ್ಲಿ ಥಟ್ಟನೆ ಹಿಡಿಯುತ್ತದೆ. ಹೀಗೆ ಬೆರೆಸಿದ ಬೂದು ನಯವಾಗಿರುತ್ತದೆ ನಿಜ. ಆದರೆ ಸಾವಿರಾರು ಪ್ರತಿಯಲ್ಲಿ ಒಂದೇ ಥರ ಇರಬೇಕೆಂದರೆ ಗ್ರೇಸ್ಕೇಲ್, ಅಂದರೆ ಬರೀ ಬೂದು ಛಾಯೆಗಳ ಮೋಡ್, ಆರಿಸಿ, ಕಪ್ಪು ಟೋನರ್ ಒಂದರಲ್ಲೇ ತೆಗೆಸುವುದು ಕ್ಷೇಮ.

ಕಲರ್ ಫೈಲು, ಕಪ್ಪು-ಬಿಳುಪು ಪ್ರತಿ

ಖರ್ಚು ಉಳಿಸಲು ಕಲರ್ ಫೈಲನ್ನು ಗ್ರೇಸ್ಕೇಲ್‌ನಲ್ಲಿ ತೆಗೆಸುವುದು ಎಲ್ಲೆಡೆ ನಡೆಯುತ್ತದೆ. ಆಗ ಪ್ರತಿ ಬಣ್ಣವನ್ನೂ ಅದರ ಹೊಳಪಿಗೆ ತಕ್ಕಂತೆ ಒಂದು ಬೂದಾಗಿ ಬದಲಿಸಬೇಕು. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಹೊಳೆಯುತ್ತದೆ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ಎಲ್ಲಕ್ಕಿಂತ ಕಡಿಮೆ. ಅದಕ್ಕೆ ಬಹಳ ಕಡೆ ಬಳಸುವ ಸೂತ್ರದಲ್ಲಿ ಹಸಿರಿಗೆ 0.587, ಕೆಂಪಿಗೆ 0.299, ನೀಲಿಗೆ 0.114 ತೂಕ.

ಈಗ ಲಾಭ-ನಷ್ಟದ ಪಟ್ಟಿಗಳಿಗೆ ಬನ್ನಿ. ನಷ್ಟಕ್ಕೆ ಅಚ್ಚಕೆಂಪು, ಅಂದರೆ ಕೆಂಪು 255, ಉಳಿದೆರಡು ಸೊನ್ನೆ. 255ನ್ನು 0.299ರಿಂದ ಗುಣಿಸಿದರೆ 76. ಲಾಭಕ್ಕೆ ಗಾಢ ಹಸಿರು, ಅಂದರೆ ಹಸಿರು 130, ಉಳಿದೆರಡು ಸೊನ್ನೆ. 130ನ್ನು 0.587ರಿಂದ ಗುಣಿಸಿದರೂ 76. ಪರದೆಯಲ್ಲಿ ಒಂದಕ್ಕೊಂದು ಎದುರಾಗಿ ನಿಂತ ಎರಡು ಬಣ್ಣ ಹಾಳೆಯಲ್ಲಿ ಒಂದೇ ಬೂದು. ಲೆಕ್ಕ ಸರಿಯಾಗೇ ನಡೆದಿದೆ, ಯಂತ್ರ ಕೆಟ್ಟಿಲ್ಲ. ಆದರೂ ಓದುಗರಿಗೆ ಲಾಭ ಯಾವುದೆಂದು ಗೊತ್ತಾಗುವುದಿಲ್ಲ.

ನಮ್ಮ ಹಳದಿ-ಕೆಂಪು ಬಾವುಟದ ಬಣ್ಣಗಳಲ್ಲಿ ತಲೆಬರಹ ಮಾಡುವವರು ಇನ್ನೊಂದು ನೆನಪಿಡಬೇಕು. ಅಪ್ಪಟ ಹಳದಿ ಈ ಲೆಕ್ಕದಲ್ಲಿ 226 ಆಗುತ್ತದೆ. 255 ಅಂದರೆ ಬಿಳಿ. ಹಳದಿ ಪಟ್ಟಿಯ ಮೇಲಿನ ಬಿಳಿ ಅಕ್ಷರ ಗ್ರೇಸ್ಕೇಲ್ ಪ್ರತಿಯಲ್ಲಿ ಮಾಯ.

ಪರಿಹಾರ ಸುಲಭ. ಚಿತ್ರಗಳಲ್ಲಿ ಬಣ್ಣವನ್ನೊಂದೇ ನಂಬಬೇಡಿ. ಒಂದು ಪಟ್ಟಿ ಗಾಢ, ಇನ್ನೊಂದು ತಿಳಿ, ಮೂರನೆಯದಕ್ಕೆ ಓರೆಗೆರೆ. ಪಟ್ಟಿಯ ಪಕ್ಕದಲ್ಲೇ ಹೆಸರು ಬರೆದರೆ ಇನ್ನೂ ಒಳ್ಳೆಯದು. ಕೆಂಪು-ಹಸಿರು ವ್ಯತ್ಯಾಸ ಕಾಣದ ಬಣ್ಣಗುರುಡಿನವರಿಗೂ ಇದರಿಂದ ಉಪಕಾರ.

ಬಣ್ಣದಲ್ಲಿ ಅಚ್ಚಾಗಿ ಬೂದಿನಲ್ಲಿ ಓದಿಸಿಕೊಳ್ಳುವ ಚೆಕ್

ಗ್ರೇಸ್ಕೇಲನ್ನು ಮೊದಲೇ ಮನಸ್ಸಿನಲ್ಲಿಟ್ಟು ಅಚ್ಚಾಗುವ ಹಾಳೆ ನಿಮ್ಮ ಮನೆಯಲ್ಲೇ ಇದೆ. ಅದು ಚೆಕ್. ಮೊದಲೆಲ್ಲ ಚೆಕ್ಕಿನ ಹಾಳೆಯೇ ಬ್ಯಾಂಕಿನಿಂದ ಬ್ಯಾಂಕಿಗೆ ಓಡಾಡುತ್ತಿತ್ತು. ರಿಸರ್ವ್ ಬ್ಯಾಂಕ್ 2008ರಲ್ಲಿ ನವದೆಹಲಿಯಲ್ಲಿ ಶುರು ಮಾಡಿದ ಚೆಕ್ ಟ್ರಂಕೇಷನ್ ವ್ಯವಸ್ಥೆಯಲ್ಲಿ, ಅಂದರೆ ಸಿಟಿಎಸ್‌ನಲ್ಲಿ, ಹಾಳೆಯ ಬದಲು ಅದರ ಚಿತ್ರ ಓಡಾಡುತ್ತದೆ.

ಒಂದು ಚೆಕ್ಕಿಗೆ ಮೂರು ಚಿತ್ರ. ಮುಂಭಾಗದ್ದು ಗ್ರೇಸ್ಕೇಲ್ ಒಂದು, ಕಪ್ಪು-ಬಿಳುಪು ಒಂದು, ಹಿಂಭಾಗದ್ದು ಕಪ್ಪು-ಬಿಳುಪು ಒಂದು. ಇಲ್ಲಿ ಕಪ್ಪು-ಬಿಳುಪು ಅಂದರೆ ನಡುವೆ ಯಾವ ಛಾಯೆಯೂ ಇಲ್ಲದ ಎರಡೇ ಬಣ್ಣ. ಗ್ರೇಸ್ಕೇಲ್ ಅಂದರೆ 256 ಛಾಯೆ. ಕಪ್ಪು-ಬಿಳುಪು ಚಿತ್ರ ಹಗುರ, ಆದರೆ ಸಹಿಯ ಸೂಕ್ಷ್ಮ ಅದರಲ್ಲಿ ಉಳಿಯುವುದಿಲ್ಲ. ಕಲರ್ ಚಿತ್ರದಲ್ಲಿ ಎಲ್ಲ ಕಾಣುತ್ತದೆ, ಆದರೆ ದೇಶದ ಅಷ್ಟೂ ಚೆಕ್ಕುಗಳ ಕಲರ್ ಚಿತ್ರ ಕಳಿಸಿ ಕಾಪಿಡುವುದು ಭಾರೀ ಹೊರೆ. ಹಾಗಾಗಿ ಈ ನಡುದಾರಿ.

ಇದರ ಪರಿಣಾಮ ಚೆಕ್ಕಿನ ವಿನ್ಯಾಸದ ಮೇಲೂ ಆಗಿದೆ. ಸಿಟಿಎಸ್-2010 ಎಂಬ ನಿಯಮದ ಪ್ರಕಾರ ಚೆಕ್ಕಿನ ಹಿನ್ನೆಲೆ ತಿಳಿ ಬಣ್ಣದ್ದಾಗಿರಬೇಕು, ಗಜಿಬಿಜಿ ಇರಬಾರದು. ಹಿನ್ನೆಲೆ ಗಾಢವಾದರೆ ಚಿತ್ರದಲ್ಲಿ ಅದೂ ಕಪ್ಪಾಗಿ, ಬರೆದ ಮೊತ್ತ ಅದರಲ್ಲಿ ಮುಳುಗಿಹೋಗುತ್ತದೆ. ಚೆಕ್ ಬರೆಯಲು ಗಾಢ ಬಣ್ಣದ ಪೆನ್ನು ಬಳಸಿ ಅಂತ ಬ್ಯಾಂಕಿನವರು ಹೇಳುವುದೂ ಇದಕ್ಕೇ. ನೀವು ಅಚ್ಚು ಮಾಡಿಸುವ ಅರ್ಜಿ, ರಸೀದಿ, ಪ್ರಮಾಣಪತ್ರಗಳನ್ನೂ ಮುಂದೆ ಯಾರಾದರೂ ಜೆರಾಕ್ಸ್ ಮಾಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ. ಹಿಂದೆ ದೊಡ್ಡ ಲಾಂಛನ ಹಾಕಿಸುವ ಆಸೆ ಇದ್ದರೆ ಅದು ಆದಷ್ಟು ತಿಳಿಯಾಗಿರಲಿ.

ಮುಖಗಳು ಯಾಕೆ ಕಪ್ಪಿಡುತ್ತವೆ?

ಫೈಲಿನಲ್ಲಿ ಶೇ. 50 ಇದ್ದ ಚುಕ್ಕಿ ಹಾಳೆಯಲ್ಲಿ ಶೇ. 50 ಆಗೇ ಉಳಿಯುವುದಿಲ್ಲ. ಶಾಯಿ ಕಾಗದದಲ್ಲಿ ಹರಡುತ್ತದೆ. ಬೆಳಕು ಕೂಡ ಕಾಗದದೊಳಗೆ ಚದುರಿ ಚುಕ್ಕಿಯ ಸುತ್ತ ನೆರಳು ಮಾಡುತ್ತದೆ. ರಾಗಿ ಪೈರು ಬೆಳೆದು ನಡುವಿನ ಮಣ್ಣು ಮುಚ್ಚಿದ ಹಾಗೆ. ಪ್ರೆಸ್ಸಿನವರು ಇದನ್ನು ಡಾಟ್ ಗೇನ್ ಅನ್ನುತ್ತಾರೆ. ಶೇ. 50ರ ಬೂದು ಸುಮಾರು ಶೇ. 70ರ ಹಾಗೆ ಕಾಣುವುದೂ ಉಂಟು. ನುಣುಪಾದ ಆರ್ಟ್ ಪೇಪರಿನಲ್ಲಿ ಚುಕ್ಕಿ ಹಿಗ್ಗುವುದು ಕಡಿಮೆ, ಶಾಯಿ ಹೀರುವ ಮ್ಯಾಪ್ಲಿಥೋದಲ್ಲಿ ಜಾಸ್ತಿ, ನ್ಯೂಸ್‌ಪ್ರಿಂಟ್‌ನಲ್ಲಿ ಇನ್ನೂ ಜಾಸ್ತಿ.

ಮನುಷ್ಯರ ಮುಖ, ಅದರಲ್ಲೂ ನಮ್ಮ ಗೋಧಿ ಬಣ್ಣ, ಎಣ್ಣೆಗಪ್ಪಿನ ಮುಖಗಳು ಹೆಚ್ಚಾಗಿ ಈ ನಡು ಛಾಯೆಗಳಲ್ಲೇ ಇರುತ್ತವೆ. ಚುಕ್ಕಿಯ ಹಿಗ್ಗುವಿಕೆ ಜೋರಾಗಿ ಕಾಣುವುದೂ ಅಲ್ಲೇ. ಕಣ್ಣಿನ ಗುಳಿ, ಮೂಗಿನ ನೆರಳು, ಮೀಸೆ ಎಲ್ಲ ಸೇರಿ ಒಂದೇ ಕಪ್ಪಾಗುತ್ತದೆ. ಅದಕ್ಕೆ ಒಳ್ಳೆಯ ಡಿಟಿಪಿಯವರು ಫೋಟೊದ ನಡು ಛಾಯೆಗಳನ್ನು ಮೊದಲೇ ತಿಳಿ ಮಾಡಿಡುತ್ತಾರೆ. ಪರದೆಯಲ್ಲಿ ಆ ಫೋಟೊ ತುಸು ಬೆಳ್ಳಗೆ ಕಾಣುತ್ತದೆ. ಆಗ ಗಾಬರಿ ಬೇಡ. ಪೂರ್ತಿ ಫೋಟೊದ ಬ್ರೈಟ್‌ನೆಸ್ ಏರಿಸುವುದು ಮಾತ್ರ ತಪ್ಪು ದಾರಿ. ಅದರಿಂದ ಬಿಳಿ ಅಂಗಿಯ ಮಡಿಕೆಗಳೂ ಅಳಿಸಿಹೋಗುತ್ತವೆ.

ಸಂಘದ ವರದಿಯಲ್ಲಿ ಅಗಲಿದ ಸದಸ್ಯರ ಫೋಟೊ ಹಾಕುವಾಗ ಹಳೆಯ ವರದಿಯಿಂದಲೇ ಸ್ಕ್ಯಾನ್ ಮಾಡುವುದುಂಟು. ಅಚ್ಚಾದ ಫೋಟೊದಲ್ಲಿ ಆಗಲೇ ಚುಕ್ಕಿಗಳಿವೆ. ಅದರ ಮೇಲೆ ಹೊಸ ಚುಕ್ಕಿಗಳು ಬಿದ್ದು, ಎರಡರ ಸಾಲು ಹೊಂದದೆ ಮುಖದ ತುಂಬ ಚಾಪೆಯ ಹೆಣಿಗೆ ಕಾಣುತ್ತದೆ. ಇದು ಮ್ವಾರೆ. ಸ್ಕ್ಯಾನರಿನ ಡಿಸ್ಕ್ರೀನ್ ಸೌಲಭ್ಯದಿಂದ ತಕ್ಕಮಟ್ಟಿಗೆ ತಗ್ಗಿಸಬಹುದು. ಮನೆಯವರ ಹತ್ತಿರ ಮೂಲ ಫೋಟೊ ಕೇಳಿ ತರುವುದೇ ಮೇಲು. ಮೂರೂವರೆ ಸೆಂಟಿಮೀಟರ್ ಅಗಲದ ಪಾಸ್‌ಪೋರ್ಟ್ ಅಳತೆಯ ಫೋಟೊಗೆ 300 ಪಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ ಅಗಲಕ್ಕೆ ಸುಮಾರು 413 ಪಿಕ್ಸೆಲ್ ಸಾಕು. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತದೆ.

ಮೊದಲ ಪ್ರತಿಯೂ ಕೊನೆಯ ಪ್ರತಿಯೂ

ಯಂತ್ರ ಇಡೀ ದಿನ ಒಂದೇ ಥರ ಇರುವುದಿಲ್ಲ. ಲೇಸರ್ ಯಂತ್ರ ಕೆಲಸ ಮಾಡುವುದು ಸ್ಥಿರ ವಿದ್ಯುತ್ತಿನಿಂದ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿ ತೋರಿಸಿದ ಜೆರಾಕ್ಸ್ ತಂತ್ರವೇ ಇವತ್ತಿಗೂ ಅದರ ಬುನಾದಿ. ಡ್ರಮ್ ಎಂಬ ಉರುಳೆಯ ಮೇಲೆ ವಿದ್ಯುತ್ತಿನ ಚಿತ್ರ, ಅದಕ್ಕೆ ಅಂಟುವ ಟೋನರ್ ಪುಡಿ, ಅದನ್ನು ಹಾಳೆಗೆ ಎಳೆದು ಬಿಸಿಯಲ್ಲಿ ಕರಗಿಸುವುದು. ಗಾಳಿಯ ತೇವ, ಯಂತ್ರದ ಬಿಸಿ, ಡ್ರಮ್ಮಿನ ವಯಸ್ಸು ಬದಲಾದರೆ ಪುಡಿ ಅಂಟುವ ಪ್ರಮಾಣವೂ ಬದಲಾಗುತ್ತದೆ.

ಮಹಾಸಭೆಯ ಅಚ್ಚಿನ ಕೆಲಸ ಬೀಳುವುದೂ ಮಳೆಗಾಲದಲ್ಲೇ. ಕರಾವಳಿ, ಮಲೆನಾಡಿನ ಆಗಸ್ಟಿನಲ್ಲಿ ಬಿಚ್ಚಿಟ್ಟ ರೀಮು ಒಂದೇ ರಾತ್ರಿಯಲ್ಲಿ ತೇವ ಹೀರುತ್ತದೆ. ತೇವದ ಹಾಳೆಯಲ್ಲಿ ವಿದ್ಯುತ್ತು ನಿಲ್ಲದೆ ಸೋರುತ್ತದೆ, ಟೋನರ್ ಸರಿಯಾಗಿ ಇಳಿಯುವುದಿಲ್ಲ. ಗಾಢ ಪಟ್ಟಿಗಳಲ್ಲಿ ಮೋಡ ಮೋಡವಾಗಿ ಕಲೆ ಕಾಣುತ್ತದೆ, ಹಾಳೆ ಸುರುಳಿ ಸುತ್ತುತ್ತದೆ. ಬೇಕಾದಾಗ ಬೇಕಾದಷ್ಟೇ ರೀಮು ಬಿಚ್ಚುವುದು, ಉಳಿದದ್ದನ್ನು ಕವರಿನಲ್ಲೇ ಇಡುವುದು ಇಷ್ಟರಿಂದಲೇ ಅರ್ಧ ದೂರು ಕಡಿಮೆಯಾಗುತ್ತದೆ.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ಕ್ಯಾಲಿಬ್ರೇಷನ್ ಅಂದರೆ ದಾರಿ ತಪ್ಪಿದ ಯಂತ್ರವನ್ನು ಗೊತ್ತಾದ ಸ್ಥಿತಿಗೆ ವಾಪಸ್ ತರುವುದು. ಪ್ರೊಫೈಲ್ ಅಂದರೆ ಆ ಸ್ಥಿತಿಯಲ್ಲಿ, ಆ ಕಾಗದದ ಮೇಲೆ ಯಂತ್ರ ಯಾವ ಬಣ್ಣವನ್ನು ಹೇಗೆ ತೋರಿಸುತ್ತದೆ ಅನ್ನುವ ದಾಖಲೆ. 1993ರಲ್ಲಿ ಎಂಟು ಕಂಪನಿಗಳು ಸೇರಿ ಕಟ್ಟಿದ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟ, ಅಂದರೆ ಐಸಿಸಿ, ಈ ದಾಖಲೆಗೆ ಎಲ್ಲರೂ ಓದಬಲ್ಲ ಒಂದೇ ರೂಪ ಕೊಟ್ಟಿತು. ಯಂತ್ರವೇ ದಾರಿ ತಪ್ಪಿದ್ದರೆ ಎಷ್ಟು ಒಳ್ಳೆಯ ಪ್ರೊಫೈಲ್ ಇದ್ದರೂ ಪ್ರಯೋಜನವಿಲ್ಲ. ಹಾಗಾಗಿ ದಿನದ ಕೆಲಸಕ್ಕೆ ಮೊದಲು, ಕಾಗದ ಬದಲಿಸಿದಾಗ, ಟೋನರ್ ಅಥವಾ ಡ್ರಮ್ ಹಾಕಿದಾಗ ಕ್ಯಾಲಿಬ್ರೇಷನ್ ಮಾಡಲೇಬೇಕು.

ದೊಡ್ಡ ಅಚ್ಚುಮನೆಗಳು ಬಣ್ಣವನ್ನು ಉಪಕರಣದಿಂದ ಅಳೆದು ಡೆಲ್ಟಾ ಇ ಎಂಬ ಸಂಖ್ಯೆಯಲ್ಲಿ ವ್ಯತ್ಯಾಸ ಹೇಳುತ್ತವೆ. ಸುಮಾರು 1 ಅಂದರೆ ಕಣ್ಣಿಗೆ ಕಂಡೂ ಕಾಣದಷ್ಟು. ಉಪಕರಣ ಇಲ್ಲದವರು ಒಪ್ಪಿದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಕೆಲವು ನೂರು ಪ್ರತಿಗೊಮ್ಮೆ ಒಂದು ಹಾಳೆ ಎಳೆದು ಹೋಲಿಸಬೇಕು. ಎರಡನ್ನೂ ಒಂದೇ ಬೆಳಕಿನಲ್ಲಿ ನೋಡಬೇಕು. ಹಳದಿ ಬಲ್ಬಿನಡಿ ಹೊಂದಿದ ಎರಡು ಬಣ್ಣ ಹಗಲು ಬೆಳಕಿನಲ್ಲಿ ಬೇರೆ ಬೇರೆ ಕಾಣಬಹುದು. ಅಚ್ಚಿನವರ ಅಂತರರಾಷ್ಟ್ರೀಯ ನಿಯಮ 5000 ಕೆಲ್ವಿನ್‌ನ ಹಗಲಿನಂಥ ಬೆಳಕು ಕೇಳುತ್ತದೆ. ನಮಗೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಸಾಕು.

ಒಂದೇ ಪತ್ರ, ಊರಿಗೊಂದು ಯಂತ್ರ

ದೊಡ್ಡ ಬ್ಯಾಂಕು, ವಿಮಾ ಕಂಪನಿಗಳ ಸಮಸ್ಯೆ ಇನ್ನೂ ದೊಡ್ಡದು. ಲಕ್ಷಗಟ್ಟಲೆ ಪತ್ರ, ಪ್ರತಿಯೊಂದರಲ್ಲೂ ಬೇರೆ ಹೆಸರು, ಬೇರೆ ಅಂಕಿ. ಅಚ್ಚಾಗುವುದು ಹಲವು ಊರುಗಳಲ್ಲಿ, ಹಲವು ಕಂಪನಿಗಳ ಯಂತ್ರಗಳಲ್ಲಿ. ಲೋಗೊ ಮಾತ್ರ ಎಲ್ಲೆಡೆ ಒಂದೇ ಥರ ಕಾಣಬೇಕು. ಮೊದಲು ಲೋಗೊ ಇರುವ ಖಾಲಿ ಹಾಳೆಗಳನ್ನು ಆಫ್‌ಸೆಟ್‌ನಲ್ಲಿ ಕಲರ್ ಮಾಡಿಸಿಟ್ಟು, ಆಮೇಲೆ ಕಪ್ಪಿನಲ್ಲಿ ವಿವರ ಹಾಕುತ್ತಿದ್ದರು. ಐಬಿಎಂನ 3800 ಲೇಸರ್ ಪ್ರಿಂಟರ್ 1976ರಲ್ಲಿ ಅಮೆರಿಕದ ಮಿಲ್ವಾಕೀಯಲ್ಲಿದ್ದ ವೂಲ್ವರ್ತ್ ಕಂಪನಿಯ ಕೇಂದ್ರದಲ್ಲಿ ಕೂತಾಗಿನಿಂದ ಆಫೀಸು ಪತ್ರಗಳ ವೇಗದ ಲೇಸರ್ ಅಚ್ಚು ಶುರುವಾಯಿತು. ಮುಂದೆ ಐಬಿಎಂ ಇಂಥ ಕೆಲಸಕ್ಕೆಂದೇ ಎಎಫ್‌ಪಿ ಎಂಬ ಪುಟವಿನ್ಯಾಸದ ಭಾಷೆ ರೂಪಿಸಿತು.

ಕಲರ್ ಬಂದ ಮೇಲೆ ಎಎಫ್‌ಪಿಗೆ ಒಂದು ಜಾಣ ಏರ್ಪಾಟು ಸೇರಿತು. ಬಣ್ಣದ ಬಗೆಗಿನ ಸೂಚನೆಗಳು ಪುಟದ ಜೊತೆ ಪ್ರತ್ಯೇಕ ಚೀಟಿಗಳಂತೆ ಸಾಗುತ್ತವೆ. ಈ ಬಣ್ಣ ಮೂಲದಲ್ಲಿ ಯಾವ ಅಳತೆಯಲ್ಲಿತ್ತು ಅಂತ ಒಂದು ಚೀಟಿ ಹೇಳುತ್ತದೆ. ಈ ಯಂತ್ರದಲ್ಲಿ ಹೇಗೆ ತೆಗೆಯಬೇಕು ಅಂತ ಇನ್ನೊಂದು. ಚುಕ್ಕಿಯ ಜೋಡಣೆಗೆ ಬೇರೆ ಚೀಟಿ, ಚುಕ್ಕಿಯ ಹಿಗ್ಗುವಿಕೆ ಸರಿಪಡಿಸುವ ರೇಖೆಗೆ ಬೇರೆ. ಹತ್ತು ಲಕ್ಷ ಪುಟದಲ್ಲಿ ಬರುವ ಒಂದೇ ಲೋಗೊವನ್ನು ಹತ್ತು ಲಕ್ಷ ಸಲ ಲೆಕ್ಕ ಹಾಕುವ ಅಗತ್ಯವಿಲ್ಲ. ಒಮ್ಮೆ ತಯಾರಿಸಿ ಇಟ್ಟುಕೊಂಡರೆ ಆಯಿತು. ತೀರ್ಮಾನ ಫೈಲಿನ ಜೊತೆಯೇ ಸಾಗುವುದರಿಂದ ಯಂತ್ರ ಊಹೆ ಮಾಡಬೇಕಾಗಿಲ್ಲ.

ಮೀಟರ್ ಓಡುವ ಬಗೆ

ದೊಡ್ಡ ಕಾಪಿಯರ್‌ಗಳಿಗೆ ಪುಟದ ಲೆಕ್ಕದಲ್ಲಿ ಹಣ. ಕಪ್ಪು ಪುಟಕ್ಕೆ ಒಂದು ದರ, ಕಲರ್ ಪುಟಕ್ಕೆ ಅದರ ಹಲವು ಪಟ್ಟು. ಇಡೀ ಪುಟ ಕಪ್ಪಾಗಿದ್ದು, ಅಡಿಯಲ್ಲಿ ಇಮೇಲ್ ವಿಳಾಸ ಮಾತ್ರ ನೀಲಿಯಾಗಿದ್ದರೂ ಸಾಮಾನ್ಯವಾಗಿ ಅದು ಕಲರ್ ಪುಟ. ವರ್ಡ್ ತಾನಾಗೇ ವಿಳಾಸಕ್ಕೆ ನೀಲಿ ಬಳಿಯುತ್ತದೆ. ನಲವತ್ತು ಪುಟದ ವರದಿಯಲ್ಲಿ ಪುಟದಡಿ ಆ ಸಾಲು ಇದ್ದರೆ ನಲವತ್ತೂ ಕಲರ್. ಐದು ಸಾವಿರ ಪ್ರತಿಗೆ ಗುಣಿಸಿ ನೋಡಿ, ಸದಸ್ಯರ ದುಡ್ಡು ಎಲ್ಲಿ ಹೋಗುತ್ತದೆ ಗೊತ್ತಾಗುತ್ತದೆ.

ಟೋನರ್ ಡಬ್ಬಿಯ ಮೇಲಿನ ಪುಟಗಳ ಲೆಕ್ಕವೂ ಸುಮಾರು ಶೇ. 5 ಭಾಗ ಮಾತ್ರ ಅಚ್ಚಾದ ಪುಟದ್ದು. ಪೂರ್ತಿ ಬಣ್ಣ ತುಂಬಿದ ರಕ್ಷಾಪುಟಕ್ಕೂ ಆ ಲೆಕ್ಕಕ್ಕೂ ಸಂಬಂಧವಿಲ್ಲ.

ಪ್ರೆಸ್ಸಿಗೆ ಕೊಡುವ ಮೊದಲು

ಯಾವ ಪುಟ ಕಲರ್, ಯಾವ ಪುಟ ಗ್ರೇಸ್ಕೇಲ್ ಅಂತ ಪುಟದ ಸಂಖ್ಯೆ ಸಮೇತ ಬರೆದು ಕೊಡಿ. ಸಾಧ್ಯವಾದರೆ ಎರಡು ಬೇರೆ ಪಿಡಿಎಫ್ ಮಾಡಿ. ಗ್ರೇಸ್ಕೇಲ್ ಪುಟಗಳನ್ನು ನೀವೇ ಒಮ್ಮೆ ಬೂದಿಗೆ ಬದಲಿಸಿ ಪರದೆಯಲ್ಲಿ ನೋಡಿ, ಪಟ್ಟಿಚಿತ್ರ ಅರ್ಥವಾಗುತ್ತದೆಯೇ ಅಂತ ಪರೀಕ್ಷಿಸಿ. ಫೋನಿನಲ್ಲಿ ಕ್ಯುಆರ್ ಓದಿಸಿ.

ಪ್ರೂಫ್ ಕೇಳುವಾಗ ಅದೇ ಯಂತ್ರದಲ್ಲಿ, ಅದೇ ಕಾಗದದಲ್ಲಿ ಕೇಳಿ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಕದ) ಮಾಮೂಲಿ ಹಾಳೆಯಲ್ಲಿ ಅಚ್ಚಾಗುವ ವರದಿಗೆ ಆರ್ಟ್ ಪೇಪರಿನ ಪ್ರೂಫ್ ನೋಡಿ ಪ್ರಯೋಜನವಿಲ್ಲ. ಪ್ರೂಫಿನಲ್ಲಿ ಮೊದಲು ನೋಡಬೇಕಾದದ್ದು ಚಿಕ್ಕ ಅಕ್ಷರದ ಒತ್ತುಗಳು, ಆಮೇಲೆ ಮುಖಗಳು, ಲೋಗೊ ಕೊನೆಗೆ. ಒಪ್ಪಿಗೆಯಾದರೆ ಎರಡು ಹಾಳೆಗೆ ಸಹಿ, ತಾರೀಕು ಹಾಕಿ ಒಂದನ್ನು ಯಂತ್ರದ ಬಳಿ ಇರಿಸಿ, ಇನ್ನೊಂದನ್ನು ಕಂದು ಕವರಿನಲ್ಲಿ ಆಫೀಸಿನ ಫೈಲಿಗೆ ಸೇರಿಸಿ. ಬೆಳಕಿಗೆ ಬಿಟ್ಟರೆ ಬಣ್ಣ ಮಾಸುತ್ತದೆ, ಮುಂದಿನ ವರ್ಷ ಹೋಲಿಸಲು ಅದು ಬೇಕಾಗುತ್ತದೆ.